ಕಚೇರಿಯ ಹಬ್‌ಗೆ ಹೊರಗಿನವರ ಲ್ಯಾಪ್‌ಟಾಪ್ ಸೇರದಂತೆ ತಡೆಯಬಹುದೇ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಒಂದು ಪತ್ತಿನ ಸಹಕಾರ ಸಂಘ. ಹನ್ನೆರಡು ಕಂಪ್ಯೂಟರ್, ಎರಡು ಪ್ರಿಂಟರ್, ಬೆರಳಚ್ಚಿನ ಹಾಜರಾತಿ ಯಂತ್ರ, ನಾಲ್ಕು ಕ್ಯಾಮೆರಾ ಎಲ್ಲವೂ 24 ಪೋರ್ಟಿನ ಒಂದು ಹಬ್‌ಗೆ ಸೇರಿವೆ. ಸಭಾಂಗಣದ ಗೋಡೆಯಲ್ಲೂ ಎರಡು ಪಾಯಿಂಟ್ ಇವೆ. ಸಭೆಗೆ ಬಂದಿದ್ದವರೊಬ್ಬರು ತಮ್ಮ ಲ್ಯಾಪ್‌ಟಾಪ್‌ಗೆ ಅಲ್ಲಿಂದ ಕೇಬಲ್ ಹಾಕಿಕೊಂಡು ಕೂತಿದ್ದು ಆಮೇಲೆ ಗೊತ್ತಾಯಿತು. ಯಾವ ಪೋರ್ಟಿಗೆ ಯಾವ ಕಂಪ್ಯೂಟರ್ ಇದೆಯೋ ಅದು ಮಾತ್ರ ನಡೆಯುವಂತೆ ಲಾಕ್ ಮಾಡಬಹುದು, ಅದಕ್ಕೆ ಪೋರ್ಟ್ ಸೆಕ್ಯೂರಿಟಿ ಎನ್ನುತ್ತಾರೆ ಎಂದು ಕೇಳಿದ್ದೇನೆ. ಅದು ಹೇಗೆ? ನಾವೇ ಮಾಡಿಕೊಳ್ಳಬಹುದೇ?

ಉತ್ತರ: ಮಾಡಬಹುದು, ನೀವೇ ಮಾಡಿಕೊಳ್ಳಲೂಬಹುದು. ಆದರೆ ನಿಮ್ಮ ಕಚೇರಿಯಲ್ಲಿರುವುದು ನಿಜಕ್ಕೂ ಹಬ್ಬೇ ಆಗಿದ್ದರೆ ಆಗುವುದಿಲ್ಲ. ಮೊದಲು ಅದು ಇತ್ಯರ್ಥವಾಗಬೇಕು.

ಹಬ್‌ನ ಒಂದು ಪೋರ್ಟಿಗೆ ಬಂದ ಮಾಹಿತಿ ಉಳಿದ ಎಲ್ಲ ಪೋರ್ಟುಗಳಿಗೂ ಹಾಗೆಯೇ ಹೋಗುತ್ತದೆ. ಯಾರ ಕಾಗದವೇ ಬರಲಿ, ಬೀದಿಯಲ್ಲಿ ನಿಂತು ಎಲ್ಲ ಮನೆಗೂ ಕೇಳುವಂತೆ ಓದಿ ಹೋಗುವ ಅಂಚೆಯವನ ಕೆಲಸ ಅದು. ಯಾವ ಪೋರ್ಟಿನಲ್ಲಿ ಯಾವ ಯಂತ್ರವಿದೆ ಎಂಬ ನೆನಪೇ ಅದಕ್ಕಿಲ್ಲ. ನೆನಪಿಲ್ಲದ ಪೆಟ್ಟಿಗೆಗೆ ‘ಇವರನ್ನು ಬಿಡು, ಅವರನ್ನು ಬಿಡಬೇಡ’ ಎಂದು ಹೇಳಿಕೊಡಲು ಬರುವುದಿಲ್ಲ.

ಸ್ವಿಚ್ ಬೇರೆ ಥರ. ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಮ್ಯಾಕ್ ವಿಳಾಸವೆಂಬ ಗುರುತು ಇರುತ್ತದೆ. ಅದು 48 ಬಿಟ್‌ಗಳದ್ದು, ಬರೆದರೆ 12 ಅಕ್ಷರ. ಅದರಲ್ಲಿ ಮೊದಲ ಆರು ಸಾಮಾನ್ಯವಾಗಿ ತಯಾರಕರಿಗೆ ಐಟ್ರಿಪಲ್‌ಇ ಸಂಸ್ಥೆ ಕೊಟ್ಟ ಗುರುತು, ಉಳಿದ ಆರು ಆ ಯಂತ್ರದ್ದು. ವಿಂಡೋಸ್‌ನಲ್ಲಿ ಐಪಿಕಾನ್ಫಿಗ್ ಆಲ್ ಎಂಬ ಆಜ್ಞೆ ಕೊಟ್ಟರೆ ‘ಫಿಸಿಕಲ್ ಅಡ್ರೆಸ್’ ಎಂಬ ಸಾಲಿನಲ್ಲಿ ಅದು ಕಾಣಿಸುತ್ತದೆ. ಸ್ವಿಚ್ ತನಗೆ ಬರುವ, ಫ್ರೇಮ್ ಎಂಬ ಪ್ರತಿ ಮಾಹಿತಿ ತುಣುಕಿನಲ್ಲೂ ಕಳಿಸಿದವರ ಮ್ಯಾಕ್ ವಿಳಾಸ ಓದಿಕೊಂಡು, ಇಂಥದ್ದು ಇಂಥ ಪೋರ್ಟಿನಲ್ಲಿದೆ ಎಂದು ತನ್ನ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ 300 ಸೆಕೆಂಡ್ ಸದ್ದಿಲ್ಲದಿದ್ದರೆ ಆ ಹೆಸರು ಪಟ್ಟಿಯಿಂದ ತಾನಾಗಿ ಹೋಗುತ್ತದೆ. ಪೋರ್ಟ್ ಸೆಕ್ಯೂರಿಟಿಯ ಕಟ್ಟಡವೆಲ್ಲ ಈ ಪಟ್ಟಿಯ ಮೇಲೆಯೇ ನಿಂತಿದೆ.

ಇಂಥ ಬಹುಪೋರ್ಟ್ ಈಥರ್‌ನೆಟ್ ಸ್ವಿಚ್ಚನ್ನು 1990ರ ಹೊತ್ತಿಗೆ ಮಾರುಕಟ್ಟೆಗೆ ತಂದದ್ದು ಕ್ಯಾಲಿಫೋರ್ನಿಯಾದ ‘ಕಲ್ಪನಾ’ ಎಂಬ ಕಂಪನಿ. ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅದರ ಸ್ಥಾಪಕರಲ್ಲಿ ಒಬ್ಬರು. ಮೊದಲ ಮಾದರಿಗೆ ಇದ್ದದ್ದು ಏಳೇ ಪೋರ್ಟ್. 1994ರಲ್ಲಿ ಸಿಸ್ಕೊ ಅದನ್ನು ಕೊಂಡಿತು. ಆಮೇಲೆ ಸ್ವಿಚ್‌ಗಳ ಬೆಲೆ ಇಳಿಯುತ್ತಾ ಬಂದಂತೆ ಹಬ್‌ಗಳು ಅಂಗಡಿಯಿಂದಲೇ ಮಾಯವಾದವು. ಇವತ್ತು ಹಬ್ ಕೊಡಿ ಎಂದು ಕೇಳಿದರೂ ಕೊಡುವುದು ಸ್ವಿಚ್ಚನ್ನೇ. ಹಾಗಾಗಿ ನಿಮ್ಮ ಕಚೇರಿಯದೂ ಬಹುಶಃ ಸ್ವಿಚ್ಚೇ ಇರಬೇಕು.

ಸ್ವಿಚ್ ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹೇಳಿದ್ದನ್ನು ಕೇಳುವ ಸ್ವಿಚ್‌ಗೆ ಮ್ಯಾನೇಜ್ಡ್ ಎನ್ನುತ್ತಾರೆ. ವಿದ್ಯುತ್ ಕೊಟ್ಟರೆ ನಡೆಯುವ, ಬೇರೇನೂ ಬದಲಿಸಲು ಬಾರದ್ದು ಅನ್‌ಮ್ಯಾನೇಜ್ಡ್. ಪೆಟ್ಟಿಗೆಯ ತಳದ ಚೀಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ, ಅದನ್ನು ಹಿಡಿದು ಕಂಪನಿಯ ಜಾಲತಾಣದಲ್ಲಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಮುಂಭಾಗದಲ್ಲೋ ಹಿಂಭಾಗದಲ್ಲೋ ‘ಕನ್ಸೋಲ್’ ಎಂದು ಬರೆದ ಪೋರ್ಟ್ ಇದ್ದರೆ ಅದು ಮ್ಯಾನೇಜ್ಡ್ ಎಂದೇ ತಿಳಿಯಿರಿ. ನಡುವೆ ‘ಸ್ಮಾರ್ಟ್’ ಎಂಬ ಇನ್ನೊಂದು ಜಾತಿ ಇದೆ. ಅದರಲ್ಲಿ ಕೆಲವು ಅಗ್ಗದ ಮಾದರಿಗಳಿಗೆ ವಿಎಲ್ಯಾನ್ (ಒಂದೇ ಸ್ವಿಚ್ಚನ್ನು ಬೇರೆ ಬೇರೆ ಜಾಲಗಳಾಗಿ ವಿಂಗಡಿಸುವ ಸೌಲಭ್ಯ) ಇರುತ್ತದೆ, ಪೋರ್ಟ್ ಸೆಕ್ಯೂರಿಟಿ ಇರುವುದಿಲ್ಲ. ಹೊಸದು ಕೊಳ್ಳುವುದಾದರೆ ಅಂಗಡಿಯವರ ಮಾತು ನಂಬದೆ, ಮಾದರಿಯ ವಿವರಪಟ್ಟಿಯಲ್ಲಿ ‘ಪೋರ್ಟ್ ಸೆಕ್ಯೂರಿಟಿ’ ಎಂಬ ಎರಡು ಪದಗಳನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಈ ಸೌಲಭ್ಯ ಹುಟ್ಟಿದ್ದಕ್ಕೆ ಒಂದು ಗಟ್ಟಿ ಕಾರಣವಿದೆ. ಸ್ವಿಚ್‌ನ ಪಟ್ಟಿಗೆ ಮಿತಿ ಇದೆ. ನಮ್ಮ ಕಚೇರಿಗಳಲ್ಲಿ ಇವತ್ತಿಗೂ ಕಾಣುವ ಸಿಸ್ಕೊ ಕ್ಯಾಟಲಿಸ್ಟ್ 2960ರಲ್ಲಿ ಸುಮಾರು 8,000 ವಿಳಾಸ ಹಿಡಿಸುತ್ತವೆ. ಯಾರಾದರೂ ಒಂದೇ ಲ್ಯಾಪ್‌ಟಾಪ್‌ನಿಂದ ಸಾವಿರಾರು ಸುಳ್ಳು ಮ್ಯಾಕ್ ವಿಳಾಸಗಳನ್ನು ಸತತವಾಗಿ ಕಳಿಸಿದರೆ ಪಟ್ಟಿ ತುಂಬಿಹೋಗುತ್ತದೆ. ಆಗ ಹೊಸ ವಿಳಾಸ ಕಲಿಯಲು ಜಾಗವಿಲ್ಲದ ಸ್ವಿಚ್, ಎಲ್ಲಿದೆ ಎಂದು ಗೊತ್ತಿಲ್ಲದ ಯಂತ್ರಕ್ಕೆ ಹೋಗಬೇಕಾದ ಮಾಹಿತಿಯನ್ನು ಎಲ್ಲ ಪೋರ್ಟಿಗೂ ಹರಿಬಿಡುತ್ತದೆ. ಅಂದರೆ ಮತ್ತೆ ಹಬ್ ಆಗುತ್ತದೆ. ಹಾಗೆ ಹರಿದದ್ದನ್ನು ಕೂತಲ್ಲೇ ಓದಿಕೊಳ್ಳಬಹುದು. ಈ ಕೆಲಸಕ್ಕೆಂದೇ ‘ಮ್ಯಾಕಾಫ್’ ಎಂಬ ಸಣ್ಣ ತಂತ್ರಾಂಶ 1999ರಿಂದಲೂ ಇದೆ. ಒಂದು ಪೋರ್ಟಿನಿಂದ ಇಷ್ಟೇ ವಿಳಾಸ ಎಂದು ಲೆಕ್ಕ ಕಟ್ಟಿಬಿಟ್ಟರೆ ಈ ದಾಳಿ ಅಲ್ಲೇ ಸಾಯುತ್ತದೆ. ಹೊರಗಿನ ಲ್ಯಾಪ್‌ಟಾಪ್ ತಡೆಯುವುದಕ್ಕೂ ಇದೇ ಲೆಕ್ಕವೇ ಬುನಾದಿ.

ಇನ್ನು ಕೆಲಸಕ್ಕೆ ಇಳಿಯೋಣ. ಮೊದಲು ಬೇಕಾದದ್ದು ಒಂದು ನೋಟ್‌ಪುಸ್ತಕ. ಎಡಕ್ಕೆ 1ರಿಂದ 24ರ ತನಕ ಪೋರ್ಟ್ ಸಂಖ್ಯೆ, ಬಲಕ್ಕೆ ಅದರ ಕೇಬಲ್ ಎಲ್ಲಿಗೆ ಹೋಗುತ್ತದೆ, ಯಾವ ಯಂತ್ರ, ಅದರ ಮ್ಯಾಕ್ ವಿಳಾಸ ಯಾವುದು ಎಂದು ಬರೆಯಿರಿ. ಬರೆಯುವಾಗ ನಿಮಗೇ ಗೊತ್ತಿಲ್ಲದ ಸಂಗತಿಗಳು ಹೊರಬರುತ್ತವೆ. ಯಾವುದೋ ಮೇಜಿನ ಕೆಳಗೆ ಐದು ಪೋರ್ಟಿನ ಇನ್ನೊಂದು ಚಿಕ್ಕ ಸ್ವಿಚ್ ಕೂತಿರುತ್ತದೆ, ಎಲ್ಲಿಗೆ ಹೋಗುತ್ತದೆಂದು ಯಾರಿಗೂ ಗೊತ್ತಿಲ್ಲದ ಒಂದು ಕೇಬಲ್ ಇದ್ದೇ ಇರುತ್ತದೆ. ಈ ಪುಸ್ತಕವಿಲ್ಲದೆ ಪೋರ್ಟ್ ಸೆಕ್ಯೂರಿಟಿಗೆ ಕೈ ಹಾಕಬೇಡಿ. ಲಾಕ್ ಮಾಡಿದ ಮೇಲೆ ಯಾವುದೋ ಸೋಮವಾರ ಬೆಳಿಗ್ಗೆ ಕೌಂಟರಿನ ಕಂಪ್ಯೂಟರ್ ನಡೆಯದೆ ಸದಸ್ಯರು ಸಾಲುಗಟ್ಟಿದಾಗ ನಿಮ್ಮನ್ನು ಕಾಯುವುದು ಇದೇ ಪುಸ್ತಕ.

ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್‌ನಲ್ಲಿ ಐದನೇ ಪೋರ್ಟಿಗೆ ಇದನ್ನು ಮಾಡುವ ಬಗೆ ಹೇಳುತ್ತೇನೆ. ಕನ್ಸೋಲ್ ಕೇಬಲ್ ಹಾಕಿ ಒಳಹೊಕ್ಕು ಕಾನ್ಫಿಗರೇಶನ್ ಮೋಡ್‌ಗೆ ಬಂದ ಮೇಲೆ ಕೊಡಬೇಕಾದ ಸಾಲುಗಳಿವು. ಇಲ್ಲಿ ಕನ್ನಡದಲ್ಲಿ ಉಚ್ಚಾರ ಕೊಟ್ಟಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಇಂಟರ್‌ಫೇಸ್ ಗಿಗಾಬಿಟ್‌ಈಥರ್‌ನೆಟ್ 0/5
ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ ಮ್ಯಾಕ್ಸಿಮಮ್ 1
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ ಮ್ಯಾಕ್-ಅಡ್ರೆಸ್ ಸ್ಟಿಕಿ
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ ವಯೊಲೇಶನ್ ರಿಸ್ಟ್ರಿಕ್ಟ್
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯೂರಿಟಿ

ಎರಡನೇ ಸಾಲು ಆ ಪೋರ್ಟಿಗೆ ಕಂಪ್ಯೂಟರಿನಂಥ ಯಂತ್ರ ಮಾತ್ರ ಸೇರುತ್ತದೆ, ಇನ್ನೊಂದು ಸ್ವಿಚ್ ಅಲ್ಲ ಎಂದು ಗೊತ್ತುಮಾಡುತ್ತದೆ. ಇದನ್ನು ಬಿಟ್ಟರೆ ‘ಇದು ಡೈನಾಮಿಕ್ ಪೋರ್ಟ್’ ಎಂದು ಹೇಳಿ ಸ್ವಿಚ್ ನಿಮ್ಮ ಆಜ್ಞೆಯನ್ನು ತಿರಸ್ಕರಿಸುತ್ತದೆ. ಮೂರನೆಯದು ಎಷ್ಟು ವಿಳಾಸಕ್ಕೆ ಅವಕಾಶ ಎಂಬುದು. ಕಂಪ್ಯೂಟರಿಗೆ ಐಪಿ ಫೋನ್ ಮೂಲಕ ಕೇಬಲ್ ಹೋಗಿದ್ದರೆ ಒಂದು ಸಾಲದು, ಎರಡು ಮೂರು ಕೊಡಬೇಕು. ಕೊನೆಯ ಸಾಲು ನೋಡಲು ಅರ್ಧಕ್ಕೆ ನಿಂತಂತೆ ಕಾಣುತ್ತದೆ, ಆದರೆ ಇಡೀ ವ್ಯವಸ್ಥೆಯನ್ನು ಚಾಲೂ ಮಾಡುವುದು ಅದೇ. ಅದಿಲ್ಲದಿದ್ದರೆ ಮೇಲಿನ ಸಾಲುಗಳು ಸುಮ್ಮನೆ ಬರೆದಿಟ್ಟ ಹಾಗೆ ಇರುತ್ತವೆ, ಯಾರನ್ನೂ ತಡೆಯುವುದಿಲ್ಲ. ಎಲ್ಲ ಮುಗಿದ ಮೇಲೆ ‘ಶೋ ಪೋರ್ಟ್-ಸೆಕ್ಯೂರಿಟಿ ಇಂಟರ್‌ಫೇಸ್’ ಎಂದು ಪೋರ್ಟ್ ಸಂಖ್ಯೆ ಸಮೇತ ಕೇಳಿ, ಮೊದಲ ಸಾಲಿನಲ್ಲಿ ‘ಎನೇಬಲ್ಡ್’ ಎಂದಿದೆಯೇ ನೋಡಿಕೊಳ್ಳಿ.

ನಾಲ್ಕನೇ ಸಾಲಿನ ‘ಸ್ಟಿಕಿ’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದನ್ನು ಹಾಕದೆ ಬರೀ ಒಂದು ವಿಳಾಸ ಎಂದು ಮಿತಿ ಕಟ್ಟಿ ಬಿಟ್ಟ ಕಚೇರಿಗಳು ಎಷ್ಟೋ ಇವೆ. ಹಾಗೆ ಬಿಟ್ಟರೆ ಕೇಬಲ್ ಕಿತ್ತ ಕ್ಷಣವೇ ಸ್ವಿಚ್ ತಾನು ಕಲಿತ ವಿಳಾಸವನ್ನು ಮರೆಯುತ್ತದೆ. ಗುಮಾಸ್ತರ ಕಂಪ್ಯೂಟರಿನ ಕೇಬಲ್ ಕಿತ್ತು ತನ್ನ ಲ್ಯಾಪ್‌ಟಾಪ್‌ಗೆ ಹಾಕಿಕೊಂಡವನನ್ನು ಅದು ಸಲೀಸಾಗಿ ಬಿಟ್ಟುಕೊಳ್ಳುತ್ತದೆ, ಏಕೆಂದರೆ ಈಗಲೂ ಇರುವುದು ಒಂದೇ ವಿಳಾಸ. ಸ್ಟಿಕಿ ಇದ್ದರೆ ಮೊದಲು ಕಂಡ ವಿಳಾಸ ಕಾನ್ಫಿಗರೇಶನ್ನಿನಲ್ಲೇ ಬರೆದುಹೋಗುತ್ತದೆ, ಕೇಬಲ್ ಕಿತ್ತರೂ ಅಳಿಯುವುದಿಲ್ಲ. ಆದ್ದರಿಂದ ಸರಿಯಾದ ಕಂಪ್ಯೂಟರ್ ಅದರ ಜಾಗದಲ್ಲೇ ಇದ್ದು ಚಾಲೂ ಇರುವಾಗಲೇ ಈ ಆಜ್ಞೆ ಕೊಡಬೇಕು.

ಬರೆದುಹೋಗುತ್ತದೆ ಎಂದೆನಲ್ಲ, ಅದು ಬರೆದುಹೋಗುವುದು ಚಾಲ್ತಿಯ ಕಾನ್ಫಿಗರೇಶನ್ನಿಗೆ ಮಾತ್ರ. ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್’ ಎಂದು ಕೊಟ್ಟು ಉಳಿಸದಿದ್ದರೆ ಸ್ವಿಚ್ ಒಮ್ಮೆ ಆಫ್ ಆದರೆ ಸಾಕು, ಉಳಿಸದೇ ಇದ್ದದ್ದೆಲ್ಲ ಹೋಗುತ್ತದೆ. ನಮ್ಮ ಊರುಗಳಲ್ಲಿ ಕರೆಂಟು ಹೋಗುವುದು ಅಪರೂಪವಲ್ಲ, ಕಂಪ್ಯೂಟರಿಗೆ ಯುಪಿಎಸ್ ಕೊಟ್ಟು ಸ್ವಿಚ್ಚನ್ನು ನೇರ ಲೈನಿಗೆ ಹಾಕಿದ ಕಚೇರಿಗಳೂ ಅಪರೂಪವಲ್ಲ. ಆಜ್ಞೆಗಳನ್ನು ಮೊದಲೇ ಉಳಿಸಿ, ವಿಳಾಸ ಕಲಿತ ಮೇಲೆ ಮತ್ತೊಮ್ಮೆ ಉಳಿಸಲು ಮರೆತರೆ ಇನ್ನೂ ಕಷ್ಟ. ಕರೆಂಟು ಬಂದ ಮೇಲೆ ಲಾಕ್ ಇದ್ದೇ ಇರುತ್ತದೆ, ಆದರೆ ಮೊದಲು ಸೇರಿದ ಯಂತ್ರ ಯಾವುದೋ ಅದನ್ನೇ ಮನೆಯವರೆಂದು ಕಲಿತುಬಿಡುತ್ತದೆ. ಸ್ವಿಚ್‌ಗೂ ಯುಪಿಎಸ್ ಕೊಡಿ, ಪ್ರತಿ ಬದಲಾವಣೆಯ ನಂತರ ಉಳಿಸಿ.

ಗುರುತಿಲ್ಲದ ಯಂತ್ರ ಬಂದಾಗ ಸ್ವಿಚ್ ಏನು ಮಾಡಬೇಕು ಎಂಬುದಕ್ಕೆ ಮೂರು ದಾರಿಗಳಿವೆ. ‘ಪ್ರೊಟೆಕ್ಟ್’ ಎಂದರೆ ಅದರ ಮಾಹಿತಿಯನ್ನು ಸದ್ದಿಲ್ಲದೆ ಬಿಸಾಡುತ್ತದೆ, ಎಲ್ಲೂ ದಾಖಲಿಸುವುದಿಲ್ಲ. ‘ರಿಸ್ಟ್ರಿಕ್ಟ್’ ಎಂದರೆ ಬಿಸಾಡುತ್ತದೆ, ಜೊತೆಗೆ ಲೆಕ್ಕ ಇಟ್ಟು ಲಾಗ್‌ನಲ್ಲಿ ಬರೆಯುತ್ತದೆ. ‘ಶಟ್‌ಡೌನ್’ ಎಂದರೆ ಪೋರ್ಟನ್ನೇ ಮುಚ್ಚಿಬಿಡುತ್ತದೆ, ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಸರಿಯಾದ ಕಂಪ್ಯೂಟರನ್ನು ಮತ್ತೆ ಸಿಕ್ಕಿಸಿದರೂ ನಡೆಯುವುದಿಲ್ಲ. ಯಾರಾದರೂ ಒಳಹೊಕ್ಕು ಆ ಪೋರ್ಟಿಗೆ ‘ಶಟ್‌ಡೌನ್’ ಕೊಟ್ಟು, ಮತ್ತೆ ‘ನೋ ಶಟ್‌ಡೌನ್’ ಕೊಡಬೇಕು. ನೀವು ಏನನ್ನೂ ಹೇಳದಿದ್ದರೆ ಸಿಸ್ಕೊ ಆರಿಸಿಕೊಳ್ಳುವುದು ಈ ಮೂರನೆಯದನ್ನೇ.

ಪಠ್ಯಪುಸ್ತಕಗಳು ಶಟ್‌ಡೌನ್‌ ಕಡೆಗೇ ವಾಲುತ್ತವೆ. ನಿಮ್ಮಂಥ ಕಚೇರಿಗೆ ರಿಸ್ಟ್ರಿಕ್ಟ್ ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ. ಹೊರಗಿನವನ ಲ್ಯಾಪ್‌ಟಾಪ್ ಎರಡರಲ್ಲೂ ನಡೆಯುವುದಿಲ್ಲ. ಶಟ್‌ಡೌನ್‌ನಿಂದ ಹೆಚ್ಚಿಗೆ ಬೀಳುವ ಪೆಟ್ಟು ಬೀಳುವುದು ನಿಮ್ಮ ಗುಮಾಸ್ತರ ಮೇಲೆ. ಹಾರ್ಡ್‌ವೇರ್‌ನವರು ಜಿಲ್ಲಾ ಕೇಂದ್ರದಿಂದ ಬರಬೇಕು, ಅಷ್ಟರ ತನಕ ಕೌಂಟರ್ ಬಂದ್. ಇಂಥದ್ದು ಎರಡು ಸಲ ಆದರೆ ‘ಇದನ್ನು ತೆಗೆದುಹಾಕಿ’ ಎಂದು ಆಡಳಿತ ಮಂಡಳಿಯೇ ಹೇಳುತ್ತದೆ, ಮತ್ತೆ ಯಾರೂ ಅದರ ಹತ್ತಿರ ಹೋಗುವುದಿಲ್ಲ. ಶಟ್‌ಡೌನ್ ಬೇಕೇ ಬೇಕು ಎಂದರೆ ‘ಎರ್‌ಡಿಸೇಬಲ್ ರಿಕವರಿ ಕಾಸ್ ಪಿಸೆಕ್ಯೂರ್-ವಯೊಲೇಶನ್’ ಎಂಬ ಆಜ್ಞೆಯನ್ನೂ ಕೊಡಿ. ಆಗ 300 ಸೆಕೆಂಡ್ ಆದ ಮೇಲೆ ಪೋರ್ಟ್ ತಾನೇ ತೆರೆದು ಇನ್ನೊಮ್ಮೆ ನೋಡುತ್ತದೆ. ರಿಸ್ಟ್ರಿಕ್ಟ್ ಇಟ್ಟುಕೊಂಡರೆ ವಾರಕ್ಕೊಮ್ಮೆ ‘ಶೋ ಪೋರ್ಟ್-ಸೆಕ್ಯೂರಿಟಿ’ ಎಂದು ಕೊಟ್ಟು ಲೆಕ್ಕ ನೋಡುವ ಹೊಣೆಯನ್ನು ಒಬ್ಬರಿಗೆ ಹೆಸರಿಸಿ ವಹಿಸಿ. ಯಾರೂ ನೋಡದ ಲಾಗ್ ಇದ್ದೂ ಇಲ್ಲದ ಹಾಗೆ.

ಲಾಕ್ ಮಾಡಿದ ಮೇಲೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಕಳ್ಳರಿಂದ ಬರುವಂಥವಲ್ಲ, ಮೇಜು ಬದಲಿಸಿದವರಿಂದ ಬರುವಂಥವು. ಐದನೇ ಪೋರ್ಟಿನ ಕಂಪ್ಯೂಟರನ್ನು ಒಂಬತ್ತನೇ ಪೋರ್ಟಿನ ಮೇಜಿಗೆ ಒಯ್ದರು ಎನ್ನಿ. ಒಂಬತ್ತನೇ ಪೋರ್ಟ್ ಹೊಚ್ಚ ಹೊಸದಾಗಿ ಖಾಲಿ ಇದ್ದರೂ ಅಲ್ಲಿ ಅದು ನಡೆಯುವುದಿಲ್ಲ. ಆ ವಿಳಾಸ ಐದನೇ ಪೋರ್ಟಿಗೆ ಅಂಟಿಕೊಂಡಿದೆ, ಅದೇ ವಿಎಲ್ಯಾನಿನ ಇನ್ನೊಂದು ಲಾಕ್ ಮಾಡಿದ ಪೋರ್ಟಿನಲ್ಲಿ ಕಂಡರೆ ಅದನ್ನೂ ಉಲ್ಲಂಘನೆ ಎಂದೇ ಸ್ವಿಚ್ ಲೆಕ್ಕ ಹಾಕುತ್ತದೆ. ಐದನೇ ಪೋರ್ಟಿನಿಂದ ಹಳೆಯ ವಿಳಾಸ ತೆಗೆದರೆ ಸರಿಹೋಗುತ್ತದೆ. ಇದು ಗೊತ್ತಿಲ್ಲದೆ ಕೇಬಲ್ ಬದಲಿಸುವವರು, ಮತ್ತೆ ಕ್ರಿಂಪಿಂಗ್ ಮಾಡಿಸುವವರು, ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕುವವರು ಇದ್ದಾರೆ. ಮದರ್‌ಬೋರ್ಡ್ ಬದಲಿಸಿದರೂ ಮ್ಯಾಕ್ ವಿಳಾಸ ಬದಲಾಗುತ್ತದೆ. ಲ್ಯಾನ್ ಪೋರ್ಟ್ ಇಲ್ಲದ ಹೊಸ ಲ್ಯಾಪ್‌ಟಾಪ್‌ಗಳಿಗೆ ಹಾಕುವ ಯುಎಸ್‌ಬಿ ಅಡಾಪ್ಟರಿನ ಮಟ್ಟಿಗೆ ಇನ್ನೊಂದು ಸೂಕ್ಷ್ಮವಿದೆ: ಸಾಮಾನ್ಯವಾಗಿ ಸ್ವಿಚ್‌ಗೆ ಕಾಣುವುದು ಆ ಅಡಾಪ್ಟರಿನ ವಿಳಾಸ, ಲ್ಯಾಪ್‌ಟಾಪಿನದಲ್ಲ. ಅಡಾಪ್ಟರ್ ಅದಲುಬದಲಾದರೆ ಗುರುತೂ ಅದಲುಬದಲಾಗುತ್ತದೆ.

ವೈಫೈ ಆಕ್ಸೆಸ್ ಪಾಯಿಂಟ್ ಸೇರಿದ ಪೋರ್ಟಿಗೆ, ಇನ್ನೊಂದು ಸ್ವಿಚ್‌ಗೆ ಹೋಗುವ ಪೋರ್ಟಿಗೆ ಒಂದೇ ವಿಳಾಸದ ಮಿತಿ ಹಾಕಬೇಡಿ. ಅಲ್ಲಿಂದ ಹಲವರ ವಿಳಾಸ ಬರುವುದೇ ಸಹಜ. ಈಗಿನ ಮೊಬೈಲುಗಳು ವೈಫೈನಲ್ಲಿ ತಮ್ಮ ನಿಜ ವಿಳಾಸದ ಬದಲು ಬೇರೆಯದನ್ನು ತೋರಿಸುವುದರಿಂದ ಅವುಗಳಿಗೆ ಸ್ಟಿಕಿಯಂತೂ ಆಗಿಬರುವುದಿಲ್ಲ. ವೈಫೈ ವಿಷಯದಲ್ಲಿ ಪೋರ್ಟ್ ಲಾಕ್‌ನಿಂದ ಒಂದು ಒಳ್ಳೆಯ ಫಲವೂ ಇದೆ. ಮೊಬೈಲಿಗೆ ನೆಟ್ ಬೇಕೆಂದು ಸಿಬ್ಬಂದಿಯಲ್ಲಿ ಒಬ್ಬರು ಮನೆಯ ವೈಫೈ ರೂಟರ್ ತಂದು ಗೋಡೆಯ ಪಾಯಿಂಟಿಗೆ ಸಿಕ್ಕಿಸಿದರೆ, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಹಾಕಿದ್ದ ಪಕ್ಷದಲ್ಲಿ ಆ ರೂಟರ್ ನಿಮ್ಮ ಕಂಪ್ಯೂಟರುಗಳಿಗೂ ತನ್ನ ಐಪಿ ವಿಳಾಸ ಹಂಚಲು ಶುರು ಮಾಡುತ್ತದೆ, ಒಂದೊಂದೇ ಕಂಪ್ಯೂಟರ್ ಸರ್ವರಿನಿಂದ ಕಳಚಿಕೊಳ್ಳುತ್ತದೆ. ಕಾರಣ ಹುಡುಕುವುದರಲ್ಲಿ ಇಡೀ ದಿನ ಹೋಗುತ್ತದೆ. ಲಾಕ್ ಇದ್ದರೆ ಆ ರೂಟರಿನ ಮೊದಲ ಫ್ರೇಮೇ ಒಳಗೆ ಬರುವುದಿಲ್ಲ. ಸಣ್ಣ ಕಚೇರಿಗಳಿಗೆ ಪೋರ್ಟ್ ಸೆಕ್ಯೂರಿಟಿಯಿಂದ ಆಗುವ ದೊಡ್ಡ ಉಪಕಾರ ಇದೇ ಎಂದು ನಾನು ಹೇಳುತ್ತೇನೆ.

ಟಿಪಿ-ಲಿಂಕ್, ಡಿ-ಲಿಂಕ್ ಮುಂತಾದ ಕಂಪನಿಗಳ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಇದನ್ನೇ ಬ್ರೌಸರ್ ತೆರೆದು ಮೌಸಿನಿಂದ ಮಾಡಬಹುದು. ಪೋರ್ಟ್ ಸೆಕ್ಯೂರಿಟಿ ಪುಟದಲ್ಲಿ ಗರಿಷ್ಠ ವಿಳಾಸಗಳ ಸಂಖ್ಯೆ, ಕಲಿತದ್ದನ್ನು ಯಾವಾಗ ಮರೆಯಬೇಕು ಎಂಬ ಆಯ್ಕೆ ಇರುತ್ತವೆ. ‘ಪರ್ಮನೆಂಟ್’ ಆರಿಸಿ, ಕಾನ್ಫಿಗರೇಶನ್ ಉಳಿಸಿ. ಒಳಹೊಕ್ಕ ಕೂಡಲೇ ಕಂಪನಿ ಕೊಟ್ಟ ಪಾಸ್‌ವರ್ಡ್ ಬದಲಿಸುವುದನ್ನು ಬಿಡಬೇಡಿ. ‘ಅಡ್ಮಿನ್, ಅಡ್ಮಿನ್’ ಎಂದು ಹಾಕಿದರೆ ತೆರೆದುಕೊಳ್ಳುವ ಸ್ವಿಚ್‌ನಲ್ಲಿ ಯಾವ ಲಾಕ್ ಹಾಕಿಯೂ ಪ್ರಯೋಜನವಿಲ್ಲ.

ಇನ್ನು ಇದರ ಮಿತಿಯನ್ನೂ ಹೇಳಿಬಿಡಬೇಕು. ಮ್ಯಾಕ್ ವಿಳಾಸವನ್ನು ಬದಲಿಸಿಕೊಳ್ಳುವುದು ಕಷ್ಟವಲ್ಲ. ಲಿನಕ್ಸ್‌ನಲ್ಲಿ ಒಂದೆರಡು ಆಜ್ಞೆಯ ಕೆಲಸ, ವಿಂಡೋಸ್‌ನಲ್ಲೂ ಎಷ್ಟೋ ನೆಟ್‌ವರ್ಕ್ ಕಾರ್ಡುಗಳ ಸೆಟ್ಟಿಂಗಿನಲ್ಲೇ ಅದಕ್ಕೊಂದು ಜಾಗವಿದೆ. ಮನೆಯ ರೂಟರುಗಳಲ್ಲಿ ‘ಮ್ಯಾಕ್ ಕ್ಲೋನ್’ ಎಂಬ ಗುಂಡಿಯೇ ಇರುತ್ತದೆ. ನಿಮ್ಮ ಪ್ರಿಂಟರ್, ಕ್ಯಾಮೆರಾಗಳ ಮೇಲೆ ಅಂಟಿಸಿದ ಚೀಟಿಯಲ್ಲಿ ಅವುಗಳ ಮ್ಯಾಕ್ ವಿಳಾಸ ಅಚ್ಚಾಗಿರುತ್ತದೆ, ನೋಡಿ ಬರೆದುಕೊಂಡು ಹೋದವನು ಆ ವೇಷದಲ್ಲೇ ಬರಬಹುದು. ಅಂದರೆ ಪೋರ್ಟ್ ಸೆಕ್ಯೂರಿಟಿ ಗೊತ್ತಿಲ್ಲದೆ ಸಿಕ್ಕಿಸುವವರನ್ನು, ಕುತೂಹಲಕ್ಕೆ ಸಿಕ್ಕಿಸುವವರನ್ನು ತಡೆಯುತ್ತದೆ. ಪಣತೊಟ್ಟು ತಯಾರಾಗಿ ಬಂದವನನ್ನು ತಡೆಯುವುದಿಲ್ಲ. ಅದಕ್ಕೆ ಬೇಕಾದದ್ದು 802.1ಎಕ್ಸ್ ಎಂಬ ಪದ್ಧತಿ. 2001ರಲ್ಲಿ ಬಂದ ಮಾನಕ ಅದು. ಯಂತ್ರ ಬಳಸುವವರ ಹೆಸರು, ಪಾಸ್‌ವರ್ಡ್ ಅಥವಾ ಪ್ರಮಾಣಪತ್ರವನ್ನು ರೇಡಿಯಸ್ ಸರ್ವರಿನಲ್ಲಿ ಪರೀಕ್ಷಿಸಿದ ಮೇಲೆಯೇ ಪೋರ್ಟ್ ತೆರೆಯುತ್ತದೆ. ಫ್ರೀರೇಡಿಯಸ್ ಎಂಬ ಉಚಿತ ತಂತ್ರಾಂಶದಿಂದ ಹಳೆಯ ಕಂಪ್ಯೂಟರಿನಲ್ಲೇ ಅಂಥ ಸರ್ವರ್ ನಡೆಸಬಹುದು, ಆದರೆ ಅದನ್ನು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು. ಹನ್ನೆರಡು ಕಂಪ್ಯೂಟರಿನ ಸಂಘಕ್ಕೆ ಸದ್ಯಕ್ಕೆ ಅದು ಬೇಡವೆನ್ನುತ್ತೇನೆ.

ಬದಲಿಗೆ ಹೊರಗೋಡೆಯ ಕ್ಯಾಮೆರಾಗಳ ಕಡೆ ನೋಡಿ. ಕಚೇರಿಗೆ ಬಾಗಿಲು ಹಾಕಿದ ಮೇಲೂ ಬೀದಿಯಿಂದ ಕೈಗೆ ಸಿಗುವುದು ಆ ಕೇಬಲ್ಲುಗಳೇ. ಕ್ಯಾಮೆರಾ ಎಂದೂ ಜಾಗ ಬದಲಿಸುವುದಿಲ್ಲವಾದ್ದರಿಂದ ಮೊದಲ ಲಾಕ್ ಅಲ್ಲಿಗೇ ಹಾಕಿ, ಜೊತೆಗೆ ನಾಲ್ಕನ್ನೂ ಬೇರೆ ವಿಎಲ್ಯಾನಿಗೆ ಸೇರಿಸಿ. ಆಗ ಯಾರಾದರೂ ಆ ಕೇಬಲ್ ಹಿಡಿದು ಕ್ಯಾಮೆರಾದ ವೇಷದಲ್ಲಿ ಬಂದರೂ ಸದಸ್ಯರ ಖಾತೆಗಳಿರುವ ಸರ್ವರಿಗೆ ದಾರಿ ಸಿಗುವುದಿಲ್ಲ. ಹಾಜರಾತಿ ಯಂತ್ರ, ಪ್ರಿಂಟರ್ ಆಮೇಲೆ. ಕಂಪ್ಯೂಟರುಗಳು ಕೊನೆಗೆ, ದಿನಕ್ಕೆ ಎರಡು ಮೂರರಂತೆ. ಬಳಸದ ಪೋರ್ಟುಗಳಿಗೆ ಪೋರ್ಟ್ ಸೆಕ್ಯೂರಿಟಿಯೂ ಬೇಡ, ‘ಶಟ್‌ಡೌನ್’ ಕೊಟ್ಟು ಮುಚ್ಚಿಬಿಡಿ.

ನಿಮ್ಮ ಆತಂಕ ಶುರುವಾದದ್ದು ಸಭಾಂಗಣದ ಎರಡು ಪಾಯಿಂಟುಗಳಿಂದ. ಅದಕ್ಕೆ ಸ್ವಿಚ್ ಎಂಥದ್ದು ಎಂದು ತಿಳಿಯುವ ತನಕ ಕಾಯಬೇಕಾಗಿಲ್ಲ. ರ್ಯಾಕ್‌ನಲ್ಲಿ ಆ ಎರಡು ಪಾಯಿಂಟಿನ ಕೇಬಲ್‌ಗಳನ್ನು ಗುರುತಿಸಿ ಇವತ್ತೇ ಕಿತ್ತಿಡಿ, ಸಭೆಯ ದಿನ ಬೇಕಾದರೆ ಮಾತ್ರ ಹಾಕಿ. ಇದಕ್ಕೆ ಖರ್ಚಿಲ್ಲ, ಪೆಟ್ಟಿಗೆ ಹಬ್ ಆಗಿದ್ದರೂ ನಡೆಯುತ್ತದೆ. ಆಮೇಲೆ ಪೆಟ್ಟಿಗೆಯ ತಳದ ಚೀಟಿ ನೋಡಿ ಮಾದರಿ ಸಂಖ್ಯೆ ಬರೆದು ಕಳಿಸಿ. ಆ ಮಾದರಿಯಲ್ಲಿ ಯಾವ ಪುಟ ತೆರೆದು ಏನು ಒತ್ತಬೇಕು ಎಂಬುದನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.